ಕೃಷ್ಣಪಕ್ಷದವಳು

ಬಾಗಿಲಿನ ಬಲಗಂಬಕ್ಕೆ ಸಂಸ್ಕೃತ:
ರಾಜನೆಂದರೆ ಹುಣ್ಣಿಮೆ, ಕೀರ್ತಿ ಹಾಲ್ಗಡಲು,
ಸೋತವರ ಮುಕುಟದ ಮಣಿ ತಿಕ್ಕಿ ತಿಕ್ಕಿ
ಅವನ ಕಾಲುಗುರು ಫಳಫಳ.
ಒಂದು ಗಣವೂ ತಪ್ಪಿಲ್ಲ, ಉಳಿ ಎಲ್ಲೂ ಜಾರಿಲ್ಲ.

ಎಡಗಂಬಕ್ಕೆ ನಮ್ಮ ಖಮೇರ್:
ಅಕ್ಕಿ ಇಷ್ಟು, ಎಳ್ಳು ಇಷ್ಟು, ಎಮ್ಮೆ ಇಷ್ಟು,
ಗದ್ದೆಗೆ ಮೂಡಲು ಹುಣಸೆ, ಪಡುವಲು ಕೆರೆ,
ಆಮೇಲೆ ಆಳುಗಳು.

"ಹೊಗಳಲೊಂದು ಭಾಷೆ, ಎಣಿಸಲೊಂದು" ಅನ್ನುತ್ತಾನೆ ತಾ ಕೆಂಗ್,
ಎಲೆಯಲ್ಲಿ ಸುತ್ತಿದ ಹೊಗೆಸೊಪ್ಪು ಕಿವಿಸಂದಿಗೆ ಸಿಕ್ಕಿಸಿ.
ನಲವತ್ತು ವರ್ಷದಿಂದ ಇದೇ ಅವನ ಕಸುಬು,
ಕಲ್ಲಿಗೆ ಒದ್ದೆ ಕಾಗದ ಹೊದಿಸಿ ಕುಂಚದಲ್ಲಿ ಬಡಿಯುವುದು,
ಜ್ವರ ಬಂದ ಮಗುವಿನ ಬೆನ್ನು ತಟ್ಟಿದ ಹಾಗೆ.
ನನಗಿದು ಎರಡನೆಯ ಬೇಸಿಗೆ.

ಕೊಂಪೊಂಗ್ ಥೋಮ್‌ನಿಂದ ಬೈಕಿನಲ್ಲಿ ಎರಡು ತಾಸು.
ಇಲ್ಲಿಗೆ ಯಾವ ಬಸ್ಸೂ ಪ್ರವಾಸಿಗರನ್ನು ತಂದು ಸುರಿಯುವುದಿಲ್ಲ.
ಗೋಪುರ ಎಂದೋ ಮಂಡಿಯೂರಿದೆ.
ಒಳಗೆ ದೇವರಿಲ್ಲ, ದೇವರು ನಿಂತಿದ್ದ ಚೌಕದ ತೂತಿದೆ,
ತೂತಿನಲ್ಲಿ ಮೊನ್ನೆಯ ಮಳೆ, ಮಳೆಯಲ್ಲೊಂದು ಕಪ್ಪೆ.
ಊರವರು ಊದಿನಕಡ್ಡಿ ಸಿಕ್ಕಿಸುವುದು ಎಡಗಂಬದ ಬುಡಕ್ಕೆ;
ನೆಕ್ ತಾ ಇರುವುದು ಅದರಲ್ಲೇ ಅಂತೆ.
ಏನು ಬರೆದಿದೆ ಎಂದು ಅವರು ಕೇಳಿದ್ದಿಲ್ಲ.

ಕೆಂಜಿಗಗಳನ್ನು ಊದಿ, ಪಾಚಿ ಕೆರೆದು,
ನೀರು ಚಿಮುಕಿಸಿ ಕಾಗದ ಒತ್ತಿದರೆ
ಒಂದೊಂದೇ ಅಕ್ಷರದ ಹಳ್ಳಕ್ಕೆ ಇಳಿದು ಕೂರುತ್ತದೆ.
ಸುತ್ತಲೂ ಮಸಿ. ಅಕ್ಷರ ಮಾತ್ರ ಬಿಳಿ.

ಏಳನೆಯ ಸಾಲು.
ತಾ ಕೆಂಗ್ ಕನ್ನಡಕ ಏರಿಸಿ ಓದಿದ:
ಶುಕ್ಲಪಕ್ಷದ ಆಳುಗಳು, ಇಂಥವ, ಇಂಥವಳು.
ಕೃಷ್ಣಪಕ್ಷದ ಆಳುಗಳು, ನಾಯಿ ಎಂಬವ, ಮಂಗ ಎಂಬವ,
ಕಮಟಿ ಎಂಬವಳು,
ಅವಳ ಓಡುವ ಮಗು ಒಂದು, ಮೊಲೆಯುಣ್ಣುವ ಮಗು ಒಂದು.

ಕಮಟಿ.
ಒಡೆಯನೇ ಇಟ್ಟಿರಬೇಕು ಈ ಹೆಸರು, ಎಂದೆ ಸಿಟ್ಟಿನಲ್ಲಿ.
ತಾಯಿಯೂ ಇಟ್ಟಿರಬಹುದು, ಎಂದ.
ಮೊದಲೆರಡು ಕೂಸು ಹೋದಮೇಲೆ
ಮೂರನೆಯದರ ತೊಟ್ಟಿಲ ಬಳಿ
ಸಾವು ಮೂಗು ಮುಚ್ಚಿಕೊಂಡು ಹಾದುಹೋಗಲೆಂದು.

ನನ್ನ ಅಜ್ಜಿಗೂ ಎರಡು ಹೆಸರು.
ಬಟ್ಟಂಬಾಂಗ್‌ನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದವಳು
ಆ ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನ
ಕನ್ನಡಕ ಮಣ್ಣಲ್ಲಿ ಹೂತು,
ತಾಳೆಬೆಲ್ಲ ಕಾಯಿಸುವವಳು, ಓದು ಬಾರದು, ಹೆಸರು ಮೊಮ್
ಎಂದು ಬರೆಸಿ ಬದುಕಿದಳು.
ಈಗಲೂ ಆಸ್ಪತ್ರೆಯಲ್ಲಿ, ಅಕ್ಕಿ ಹಂಚುವಲ್ಲಿ,
ಪಟ್ಟಿ ಹಿಡಿದು ಯಾರಾದರೂ ಹೆಸರು ಕೂಗಿದರೆ
ಥಟ್ಟನೆ ಓಗೊಡುವುದಿಲ್ಲ.
ಮೊದಲು ಕೂಗಿದವನ ಚಪ್ಪಲಿ ನೋಡುತ್ತಾಳೆ.

ತಂಗಿ ರಾಮೊನಿಯ ಹೆಸರು ನೊಮ್ ಪೆನ್‌ನ ಕಾರ್ಖಾನೆ ಗೋಡೆಯಲ್ಲಿದೆ.
ಈ ಪಕ್ಷ ರಾತ್ರಿಪಾಳಿ.

ಮಸಿ ಒಣಗುವ ತನಕ ಕೂತು ಕೇಳಿದೆ:
ಕತ್ತಲ ಹದಿನೈದು ದಿನ ದೇವರ ಭತ್ತ ಕುಟ್ಟಿದಳು, ಸರಿ,
ಬೆಳಕಿನ ಹದಿನೈದು ದಿನ ಎಲ್ಲಿದ್ದಳು?
"ಬರೆದಿಲ್ಲ."

ಬರೆಯದಿದ್ದುದೇ ಒಳಿತಾಯಿತು.
ಆ ದಿನಗಳನ್ನು ಯಾರೂ ಯಾವ ದೇವರಿಗೂ ದತ್ತಿ ಬಿಟ್ಟಿಲ್ಲ.
ತೋನ್ಲೆ ಸಾಪ್ ಹಿಂದುಮುಂದಾಗಿ ಹರಿಯುವ ತಿಂಗಳಲ್ಲಿ
ಬುಟ್ಟಿ ಹಿಡಿದು ಮೀನಿಗೆ ಇಳಿದಿರಬಹುದು.
ಓಡುವ ಮಗುವನ್ನು ಓಡಲು ಬಿಟ್ಟು
ಯಾರದೋ ಜಗಳಕ್ಕೆ ಹೋಗಿ ಗೆದ್ದು ಬಂದಿರಬಹುದು.
ಬೇರೆ ಹೆಸರಿನಿಂದ ಕರೆಯುವವನು
ಒಬ್ಬ ಇದ್ದಿರಬಹುದು.

ಬಲಗಂಬಕ್ಕೆ ಸಿಡಿಲು ಬಡಿದ ಬಿರುಕು.
ರಾಜನ ಹೆಸರಿದ್ದಲ್ಲಿ ಉಳಿದದ್ದು "ವರ್ಮ" ಎಂಬ ಬಾಲ,
ಯಾವ ವರ್ಮನೋ.

ಕಾಗದ ಸುತ್ತಿ ಬಿದಿರ ಕೊಳವೆಗೆ ಇಳಿಸಿ
ಬೆನ್ನಿಗೆ ಕಟ್ಟಿಕೊಂಡು ಬೈಕು ಹತ್ತಿದೆ.
ಹಿಂದೆ ಕೂತ ತಾ ಕೆಂಗ್ ಆಗಲೇ ತೂಕಡಿಸುತ್ತಿದ್ದ.
ಭತ್ತದ ಕೂಳೆಗಳ ಮೇಲೆ ಅರ್ಧಕ್ಕಿಂತ ತುಸು ದೊಡ್ಡ ಚಂದ್ರ.
ಶುಕ್ಲ ನವಮಿ.
ಇವತ್ತು ಕಮಟಿಗೆ ರಜೆ.